ಅರವತ್ತೈದು ಗೆಲುವು, ಆದರೂ ಕಪ್ ಇಲ್ಲ: ಐಸ್ ಹಾಕಿ ಪ್ಲೇಆಫ್ ಮತ್ತು ಅಭಿಮಾನಿಗಳ ವಾದಗಳು

2023ರ ಏಪ್ರಿಲ್ 30ರ ರಾತ್ರಿ ಬಾಸ್ಟನ್ ನಗರದ ಟಿಡಿ ಗಾರ್ಡನ್ ಒಳಾಂಗಣದಲ್ಲಿ ಆತಿಥೇಯ ಬ್ರೂಯಿನ್ಸ್ ತಂಡವು ಫ್ಲೋರಿಡಾ ಪ್ಯಾಂಥರ್ಸ್ ಎದುರು 3–2 ಗೋಲುಗಳಿಂದ ಮುಂದಿತ್ತು. ಅದು ಏಳು ಪಂದ್ಯಗಳ ಸರಣಿಯ ಏಳನೆಯ ಪಂದ್ಯ, ಸೋತವರು ಮನೆಗೆ. ಆಟ ಮುಗಿಯಲು 59 ಸೆಕೆಂಡು ಉಳಿದಿದ್ದಾಗ ಫ್ಲೋರಿಡಾದ ಬ್ರಾಂಡನ್ ಮೊಂಟೂರ್ ಗೋಲು ಹೊಡೆದು ಸಮ ಮಾಡಿದರು. ಹೆಚ್ಚುವರಿ ಅವಧಿಯ ಒಂಬತ್ತನೆಯ ನಿಮಿಷದಲ್ಲಿ ಕಾರ್ಟರ್ ವರ್ಹೇಗಿ ಹೊಡೆದ ಗೋಲಿನೊಂದಿಗೆ ಬಾಸ್ಟನ್ನಿನ ಋತು ಮುಗಿಯಿತು. ಅದೇ ಬಾಸ್ಟನ್ ಆ ವರ್ಷ ಲೀಗ್ ಹಂತದ 82 ಪಂದ್ಯಗಳಲ್ಲಿ 65 ಗೆದ್ದು 135 ಅಂಕ ಗಳಿಸಿ, ನ್ಯಾಷನಲ್ ಹಾಕಿ ಲೀಗ್‌ನ (ಎನ್‌ಎಚ್‌ಎಲ್) ಇತಿಹಾಸದಲ್ಲಿ ಎರಡೂ ಲೆಕ್ಕದಲ್ಲಿ ದಾಖಲೆ ಬರೆದಿತ್ತು. ಫ್ಲೋರಿಡಾದ ಅಂಕ 92, ಅಂದರೆ 43 ಅಂಕ ಕಡಿಮೆ. ಈ ಸರಣಿಯಲ್ಲೂ ಬಾಸ್ಟನ್ ಒಂದು ಹಂತದಲ್ಲಿ 3–1ರಿಂದ ಮುಂದಿದ್ದು, ಇನ್ನೊಂದು ಪಂದ್ಯ ಗೆದ್ದಿದ್ದರೆ ಸಾಕಿತ್ತು.

ಉತ್ತರ ಅಮೆರಿಕದ ಐಸ್ ಹಾಕಿ ಅಭಿಮಾನಿಗಳು ಏಪ್ರಿಲ್‌ನಿಂದ ಜೂನ್‌ವರೆಗೆ ನಡೆಸುವ ವಾದಗಳನ್ನೆಲ್ಲ ಬಿಡಿಸುತ್ತ ಹೋದರೆ ಕೊನೆಗೆ ಸಿಗುವುದು ಈ ರಾತ್ರಿ ಎತ್ತಿದ ಪ್ರಶ್ನೆಯೇ: ಪ್ಲೇಆಫ್ ಎಂಬುದು ವರ್ಷದ ಅತ್ಯುತ್ತಮ ತಂಡವನ್ನು ಕಂಡುಹಿಡಿಯುವ ವಿಧಾನವೋ, ಅಥವಾ ಅತ್ಯುತ್ತಮ ತಂಡ ಯಾವುದೆಂದು ಈಗಾಗಲೇ ಗೊತ್ತಿದ್ದೂ ನಡೆಸುವ ಬೇರೆಯದೇ ಒಂದು ಪರೀಕ್ಷೆಯೋ? ಯಾರು ಯಾರೊಡನೆ ಆಡಬೇಕು, ರೆಫ್ರಿ ಯಾವಾಗ ಸೀಟಿ ಊದಬೇಕು, ಗಾಯಾಳು ಆಟಗಾರನ ಸಂಬಳ ಯಾವ ಲೆಕ್ಕಕ್ಕೆ ಸೇರಬೇಕು ಎಂಬ ಜಗಳಗಳೆಲ್ಲ ಈ ಪ್ರಶ್ನೆಯ ಮಕ್ಕಳು. ವಾದಗಳನ್ನು ಅರ್ಥ ಮಾಡಿಕೊಳ್ಳಲು ಮೊದಲು ವ್ಯವಸ್ಥೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕಾಗುತ್ತದೆ.

ಹಾಕಿ ಎಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ಕೊಡಗು ಮತ್ತು ಹುಲ್ಲಿನ ಮೈದಾನ. ಕೆನಡಾದಲ್ಲಿ ಬರಿಯ ‘ಹಾಕಿ’ ಎಂದರೆ ಮಂಜುಗಡ್ಡೆಯ ಮೇಲಿನ ಆಟವೇ. ಒಂದು ತಂಡದಿಂದ ಒಂದು ಸಲಕ್ಕೆ ಐವರು ಆಟಗಾರರು ಮತ್ತು ಒಬ್ಬ ಗೋಲ್‌ಕೀಪರ್ ಕಣದಲ್ಲಿರುತ್ತಾರೆ. ಇಪ್ಪತ್ತು ನಿಮಿಷಗಳ ಮೂರು ಅವಧಿಗಳ ಈ ಆಟದಲ್ಲಿ ಸ್ಕೇಟ್ ಮೇಲಿನ ಓಟ ಎಷ್ಟು ತ್ರಾಸದ್ದೆಂದರೆ ಆಟಗಾರರು ಸುಮಾರು ಮುಕ್ಕಾಲು ನಿಮಿಷ ಆಡಿ ಬೆಂಚಿಗೆ ಮರಳುತ್ತಾರೆ, ಆಟ ನಿಲ್ಲದೆಯೇ ಬದಲಿ ಆಟಗಾರರು ಬೇಲಿ ಹಾರಿ ಇಳಿಯುತ್ತಾರೆ. ಚೆಂಡಿನ ಬದಲು ಇರುವುದು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಅದು ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ. ಹೆಚ್ಚು ಪುಟಿಯದಿರಲೆಂದು ಆಟಕ್ಕೆ ಮುಂಚೆ ಅದನ್ನು ಹೆಪ್ಪುಗಟ್ಟಿಸಿ ಇಟ್ಟಿರುತ್ತಾರೆ. ಆದರೂ ಅದು ಪುಟಿಯುತ್ತದೆ, ಮತ್ತು ಮುಂದೆ ಬರುವ ವಾದಗಳಲ್ಲಿ ಅರ್ಧಕ್ಕೆ ಆ ಪುಟಿತವೇ ಕಾರಣ.

ಲೀಗ್‌ನಲ್ಲಿ 32 ತಂಡಗಳಿವೆ. ಏಳು ಕೆನಡಾದವು, ಇಪ್ಪತ್ತೈದು ಅಮೆರಿಕದವು. ಇವನ್ನು ಪೂರ್ವ ಮತ್ತು ಪಶ್ಚಿಮ ಎಂಬ ಎರಡು ಕಾನ್ಫರೆನ್ಸ್‌ಗಳಾಗಿಯೂ, ಪ್ರತಿ ಕಾನ್ಫರೆನ್ಸನ್ನು ಎರಡೆರಡು ಡಿವಿಷನ್‌ಗಳಾಗಿಯೂ ಭಾಗ ಮಾಡಲಾಗಿದೆ. ಪ್ರತಿ ಡಿವಿಷನ್ನಿನ ಮೊದಲ ಮೂರು ತಂಡಗಳು ನೇರವಾಗಿ ಪ್ಲೇಆಫ್‌ಗೆ ಬರುತ್ತವೆ. ಉಳಿದವುಗಳಲ್ಲಿ ಹೆಚ್ಚು ಅಂಕ ಗಳಿಸಿದ ಎರಡೆರಡು ತಂಡಗಳು ಪ್ರತಿ ಕಾನ್ಫರೆನ್ಸಿನಿಂದ ‘ವೈಲ್ಡ್ ಕಾರ್ಡ್’ ಹೆಸರಿನಲ್ಲಿ ಸೇರಿ ಒಟ್ಟು ಹದಿನಾರಾಗುತ್ತವೆ. ಅಲ್ಲಿಂದ ಮುಂದೆ ನಾಲ್ಕು ಸುತ್ತು. ಪ್ರತಿ ಸುತ್ತೂ ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರಿಗೆ ಮುನ್ನಡೆ. ಲೀಗ್‌ನ ಅಂತಿಮ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಎತ್ತಬೇಕಾದರೆ ಎರಡು ತಿಂಗಳಲ್ಲಿ ಹದಿನಾರು ಗೆಲುವು ಬೇಕು.

ಐಪಿಎಲ್‌ಗೆ ಒಗ್ಗಿದ ಕಣ್ಣಿಗೆ ಇಲ್ಲಿ ಎದ್ದು ಕಾಣುವ ವ್ಯತ್ಯಾಸವೊಂದಿದೆ. ಐಪಿಎಲ್‌ನಲ್ಲಿ ಅಂಕಪಟ್ಟಿಯ ಮೊದಲ ಎರಡು ಸ್ಥಾನದವರಿಗೆ ಒಂದು ಪಂದ್ಯ ಸೋತರೂ ಮತ್ತೊಂದು ಅವಕಾಶ ಇದೆ. ಲೀಗ್ ಹಂತದ ಶ್ರಮಕ್ಕೆ ಅದು ಗಟ್ಟಿಯಾದ ಪ್ರತಿಫಲ. ಎನ್‌ಎಚ್‌ಎಲ್‌ನಲ್ಲಿ ಮೊದಲ ಸ್ಥಾನಕ್ಕೆ ಸಿಗುವುದು ಮೊದಲ ಸುತ್ತಿಗೆ ಕಾಗದದ ಮೇಲಿನ ದುರ್ಬಲ ಎದುರಾಳಿ, ಮತ್ತು ಏಳರಲ್ಲಿ ನಾಲ್ಕು ಪಂದ್ಯಗಳನ್ನು, ಅದರಲ್ಲೂ ಏಳನೆಯದನ್ನು, ತವರಿನಲ್ಲಿ ಆಡುವ ಅನುಕೂಲ, ಅಷ್ಟೇ. ಬಾಸ್ಟನ್ ಆ ಅನುಕೂಲವನ್ನು ಪಡೆದು, ತವರಿನಲ್ಲೇ ಸೋತಿತು.

ಹದಿನಾರರ ಗೆರೆಯ ಸುತ್ತಲೇ ಮೊದಲ ಬಗೆಯ ಚರ್ಚೆ ಶುರುವಾಗುತ್ತದೆ, ಅದೂ ಮಾರ್ಚ್ ತಿಂಗಳಿನಿಂದಲೇ. ಗೆಲುವಿಗೆ ಎರಡು ಅಂಕ ಸರಿ. ಆದರೆ 60 ನಿಮಿಷದಲ್ಲಿ ಸಮಬಲವಾಗಿ ಆಮೇಲೆ ಸೋತವರಿಗೂ ಒಂದು ಅಂಕ ಸಿಗುತ್ತದೆ. ಅಂದರೆ ಕೆಲವು ಪಂದ್ಯಗಳಲ್ಲಿ ಒಟ್ಟು ಎರಡು ಅಂಕ ಹಂಚಿಕೆಯಾದರೆ ಕೆಲವದರಲ್ಲಿ ಮೂರು. ‘ಸೋತವರ ಅಂಕ’ ಎಂದು ಅಭಿಮಾನಿಗಳು ಮೂದಲಿಸುವ ಈ ಪದ್ಧತಿಯಿಂದ ಪಟ್ಟಿಯ ಮಧ್ಯಭಾಗ ಸದಾ ಇಕ್ಕಟ್ಟಾಗಿಯೇ ಇರುತ್ತದೆ. ಪೂರ್ಣ ಗೆಲುವಿಗೆ ಮೂರಂಕ ಕೊಟ್ಟರೆ ನ್ಯಾಯ ಎಂಬುದು ಹಳೆಯ ಬೇಡಿಕೆ. ಇಕ್ಕಟ್ಟು ಎಷ್ಟೆಂಬುದಕ್ಕೆ ಅದೇ 2023 ಸಾಕ್ಷಿ: ಫ್ಲೋರಿಡಾ 92 ಅಂಕದೊಂದಿಗೆ ಒಳಗೆ ಬಂದಾಗ ಪಿಟ್ಸ್‌ಬರ್ಗ್ 91ರಲ್ಲಿ ಹೊರಗುಳಿಯಿತು, ಸತತ ಹದಿನಾರು ಋತುಗಳ ಅದರ ಪ್ಲೇಆಫ್ ಸರಪಳಿ ತುಂಡಾಯಿತು. ಕೊನೆಯ ವಾರದಲ್ಲಿ ಪಿಟ್ಸ್‌ಬರ್ಗ್ ತವರಿನಲ್ಲಿ ಸೋತದ್ದು ಪಟ್ಟಿಯ ತಳದಲ್ಲಿದ್ದ ಷಿಕಾಗೊ ಎದುರು. ಹಾಗೆ ಕೂದಲೆಳೆಯಲ್ಲಿ ಒಳಬಂದ ಫ್ಲೋರಿಡಾ ಬಾಸ್ಟನ್, ಟೊರೊಂಟೊ, ಕೆರೊಲಿನಾ ಮೂರನ್ನೂ ದಾಟಿ ಫೈನಲ್‌ವರೆಗೆ ಹೋಗಿ ವೇಗಸ್ ಎದುರು ಸೋತಿತು. ಮುಂದಿನ ಎರಡು ವರ್ಷ, 2024 ಮತ್ತು 2025ರಲ್ಲಿ, ಕಪ್ಪನ್ನೇ ಗೆದ್ದಿತು.

ಒಳಗೆ ಬಂದ ಮೇಲಿನ ಜಗಳ ಜೋಡಿಗಳದ್ದು. 2013ರವರೆಗೆ ಸುಮಾರು ಎರಡು ದಶಕ ಕಾನ್ಫರೆನ್ಸಿನ ಮೊದಲನೆಯವರು ಎಂಟನೆಯವರೊಡನೆ, ಎರಡನೆಯವರು ಏಳನೆಯವರೊಡನೆ ಆಡುವ ಸರಳ ಕ್ರಮವಿತ್ತು, ಪ್ರತಿ ಸುತ್ತಿನ ನಂತರ ಉಳಿದವರನ್ನು ಮತ್ತೆ ಸ್ಥಾನಾನುಸಾರ ಜೋಡಿಸಲಾಗುತ್ತಿತ್ತು. 2014ರಿಂದ ಡಿವಿಷನ್ನಿನ ಎರಡನೆಯವರು ಅದೇ ಡಿವಿಷನ್ನಿನ ಮೂರನೆಯವರೊಡನೆ ಆಡುತ್ತಾರೆ, ಮತ್ತೆ ಜೋಡಿಸುವ ಪದ್ಧತಿ ಇಲ್ಲ. ನೆರೆಹೊರೆಯ ತಂಡಗಳು ಮತ್ತೆ ಮತ್ತೆ ಎದುರಾದರೆ ವೈರ ಬೆಳೆಯುತ್ತದೆ, ವೈರದಿಂದ ಆಟಕ್ಕೆ ಕಾವು ಬರುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. ಆ ಲೆಕ್ಕ ಸುಳ್ಳೇನೂ ಆಗಿಲ್ಲ. ಆದರೆ ಒಂದು ಡಿವಿಷನ್ ಬಲಿಷ್ಠವಾದ ವರ್ಷ ಏನಾಗುತ್ತದೆ ಎಂಬುದನ್ನು 2017 ತೋರಿಸಿತು: ಇಡೀ ಲೀಗ್‌ನಲ್ಲಿ ಮೊದಲ, ಎರಡನೆಯ ಮತ್ತು ನಾಲ್ಕನೆಯ ಸ್ಥಾನದಲ್ಲಿದ್ದ ವಾಷಿಂಗ್ಟನ್ (118), ಪಿಟ್ಸ್‌ಬರ್ಗ್ (111) ಮತ್ತು ಕೊಲಂಬಸ್ (108) ಮೂರೂ ಒಂದೇ ಡಿವಿಷನ್ನಿನವು. ಹಾಗಾಗಿ ಮೊದಲ ಸುತ್ತಿನಲ್ಲೇ ಪಿಟ್ಸ್‌ಬರ್ಗ್ ಮತ್ತು ಕೊಲಂಬಸ್ ಬಡಿದಾಡಿಕೊಂಡು, ಗೆದ್ದ ಪಿಟ್ಸ್‌ಬರ್ಗ್ ಎರಡನೆಯ ಸುತ್ತಿನಲ್ಲಿ ವಾಷಿಂಗ್ಟನ್ನನ್ನು ಹೊರಗಟ್ಟಿತು. ಪಕ್ಕದ ಡಿವಿಷನ್ನಿನಲ್ಲಿ 98 ಅಂಕದ ಒಟ್ಟಾವಾ ‘ಎರಡನೆಯ ಸ್ಥಾನ’ದ ಮರ್ಯಾದೆಯಿಂದ ಬೇರೆ ದಾರಿಯಲ್ಲಿ ಸಾಗಿ ಕಾನ್ಫರೆನ್ಸ್ ಫೈನಲ್ ತಲುಪಿತು.

ಪಶ್ಚಿಮದ ಉದಾಹರಣೆ ಇನ್ನೂ ಪ್ರಸಿದ್ಧ. ಎಡ್ಮಂಟನ್ ಮತ್ತು ಲಾಸ್ ಏಂಜಲೀಸ್ ತಂಡಗಳು 2022, 2023, 2024 ಮತ್ತು 2025ರಲ್ಲಿ, ಸತತ ನಾಲ್ಕು ವರ್ಷ, ಮೊದಲ ಸುತ್ತಿನಲ್ಲೇ ಎದುರಾದವು. ನಾಲ್ಕೂ ಸಲ ಗೆದ್ದದ್ದು ಎಡ್ಮಂಟನ್. ಎಡ್ಮಂಟನ್ ಅಭಿಮಾನಿಗೆ ಇದು ಜಾತ್ರೆ ಕಂಡಂತೆ. ಲಾಸ್ ಏಂಜಲೀಸಿನ ಅಭಿಮಾನಿಗೆ ಪ್ರತಿ ಏಪ್ರಿಲ್‌ನಲ್ಲೂ ಅದೇ ಹಲ್ಲುನೋವು. ನನ್ನ ಅಭಿಪ್ರಾಯ ಹಳೆಯ ಕ್ರಮದ ಕಡೆಗೇ ವಾಲುತ್ತದೆ: ಆರು ತಿಂಗಳ ಅಂಕಗಳಿಗೆ ಅರ್ಥವಿರಬೇಕಾದರೆ ಎರಡನೆಯ ಸ್ಥಾನಕ್ಕೆ ನಾಲ್ಕನೆಯದಕ್ಕಿಂತ ಹೆಚ್ಚಿನ ಬೆಲೆ ಬರಬೇಕು. ವೈರವನ್ನು ವೇಳಾಪಟ್ಟಿಯಲ್ಲಿ ಬರೆದು ಬೆಳೆಸಬೇಕಾಗಿಲ್ಲ, ಅದು ತಾನಾಗಿ ಬೆಳೆಯುತ್ತದೆ.

ಈಗ ಎಲ್ಲಕ್ಕಿಂತ ಜಟಿಲವಾದ ವಿಷಯಕ್ಕೆ ಬರೋಣ: ಅದೃಷ್ಟ. ಲೀಗ್ ಹಂತದಲ್ಲಿ ಅಗ್ರಸ್ಥಾನ ಪಡೆದ ತಂಡಕ್ಕೆ ಪ್ರೆಸಿಡೆಂಟ್ಸ್ ಟ್ರೋಫಿ ಎಂಬ ಪ್ರಶಸ್ತಿ ಇದೆ. ಅದನ್ನೂ ಸ್ಟ್ಯಾನ್ಲಿ ಕಪ್ಪನ್ನೂ ಒಂದೇ ವರ್ಷ ಗೆದ್ದ ಕೊನೆಯ ತಂಡ 2013ರ ಷಿಕಾಗೊ. ಆಮೇಲೆ 2025ರವರೆಗೆ ಹನ್ನೆರಡು ಅಗ್ರಸ್ಥಾನಿಗಳಲ್ಲಿ ಒಬ್ಬರಿಗೂ ಕಪ್ ಸಿಗಲಿಲ್ಲ. 2019ರಲ್ಲಂತೂ 62 ಗೆಲುವಿನ ಟ್ಯಾಂಪಾ ಬೇ ಮೊದಲ ಸುತ್ತಿನಲ್ಲಿ ಕೊಲಂಬಸ್‌ಗೆ ನಾಲ್ಕಕ್ಕೆ ನಾಲ್ಕೂ ಸೋತಿತು. ಅಭಿಮಾನಿಗಳು ಇದನ್ನು ಶಾಪ ಎನ್ನುತ್ತಾರೆ. ಶಾಪವೇ ಎಂದು ನೋಡಲು ಕಾಗದ ಪೆನ್ನು ಹಿಡಿದರೆ ಸಾಕು.

ಯಾವುದೇ ಎದುರಾಳಿಯ ಮೇಲೆ ಪ್ರತಿ ಪಂದ್ಯದಲ್ಲೂ ಶೇಕಡ 60ರಷ್ಟು ಗೆಲ್ಲುವ ಸಾಧ್ಯತೆ ಇರುವ ತಂಡವೊಂದನ್ನು ಊಹಿಸಿಕೊಳ್ಳಿ. ಪ್ಲೇಆಫ್ ಮಟ್ಟದ ಎದುರಾಳಿಗಳ ನಡುವೆ ಇದು ಬಹಳ ಉದಾರವಾದ ಊಹೆ. ಏಳು ಪಂದ್ಯಗಳ ಸರಣಿಯನ್ನು ಆ ತಂಡ ಗೆಲ್ಲುವ ಸಾಧ್ಯತೆ ಶೇಕಡ 71. ಕೇಳಲು ಚೆನ್ನಾಗಿದೆ. ಆದರೆ ಅಂಥ ನಾಲ್ಕು ಸರಣಿಗಳನ್ನು ಸಾಲಾಗಿ ಗೆಲ್ಲಬೇಕು. 71ನ್ನು ನಾಲ್ಕು ಸಲ ಗುಣಿಸಿದರೆ ಉಳಿಯುವುದು ಶೇಕಡ 25. ಅಷ್ಟು ಬಲಿಷ್ಠ ತಂಡವೂ ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಗೆದ್ದೀತು. ಪಂದ್ಯದ ಸಾಧ್ಯತೆಯನ್ನು ಶೇಕಡ 55ಕ್ಕೆ ಇಳಿಸಿದರೆ ಸರಣಿ ಗೆಲ್ಲುವ ಸಾಧ್ಯತೆ 61ಕ್ಕೆ, ಕಪ್ ಗೆಲ್ಲುವ ಸಾಧ್ಯತೆ 14ಕ್ಕೆ ಇಳಿಯುತ್ತದೆ. ಅಂಥ ಹನ್ನೆರಡು ತಂಡಗಳು ಹನ್ನೆರಡು ವರ್ಷ ಸಾಲಾಗಿ ಸೋಲುವ ಸಾಧ್ಯತೆ ಸುಮಾರು ಆರರಲ್ಲಿ ಒಂದು, ಅಂದರೆ ದಾಳ ಎಸೆದಾಗ ನಾವು ಹೇಳಿದ ಸಂಖ್ಯೆಯೇ ಬೀಳುವಷ್ಟು. ಅದಕ್ಕೆ ಶಾಪದ ಅಗತ್ಯವಿಲ್ಲ.

ಹಾಕಿಯಲ್ಲಿ ಬಲದ ಅಂತರ ಹೀಗೆ ಕುಗ್ಗಲು ಕಾರಣ ಗೋಲುಗಳ ವಿರಳತೆ. ಒಂದು ತಂಡ ಒಂದು ಪಂದ್ಯದಲ್ಲಿ ಸುಮಾರು ಮೂವತ್ತು ಸಲ ಗೋಲಿನತ್ತ ಹೊಡೆದರೆ ಒಳಹೋಗುವುದು ಸರಾಸರಿ ಮೂರು. ಅದರಲ್ಲಿ ಒಂದು ಯಾರದೋ ಸ್ಕೇಟಿಗೆ ತಾಗಿ ದಿಕ್ಕು ಬದಲಿಸಿದರೆ ಪಂದ್ಯವೇ ಬದಲಾಯಿತು. ಬ್ಯಾಸ್ಕೆಟ್‌ಬಾಲ್‌ನಲ್ಲಿ ನೂರಾರು ಸಣ್ಣ ಘಟನೆಗಳ ಮೊತ್ತವಾಗಿ ಫಲಿತಾಂಶ ಬರುವುದರಿಂದ ಬಲಿಷ್ಠರು ಸಾಮಾನ್ಯವಾಗಿ ಗೆಲ್ಲುತ್ತಾರೆ. ಇಲ್ಲಿ ಐದಾರು ಘಟನೆಗಳೇ ಎಲ್ಲ. ಇದರ ಮೇಲೆ ಗೋಲ್‌ಕೀಪರ್ ಎಂಬ ಏಕಾಂಗಿ. ಉಳಿದವರು ಮುಕ್ಕಾಲು ನಿಮಿಷಕ್ಕೆ ಬದಲಾಗುತ್ತಿದ್ದರೆ ಅವನು ಇಡೀ ಪಂದ್ಯ ನಿಂತಿರುತ್ತಾನೆ. ಎರಡು ವಾರ ಅವನ ಕೈ ಕುದುರಿದರೆ ಸಾಧಾರಣ ತಂಡವೂ ಸರಣಿ ಗೆಲ್ಲಬಹುದು. ಅದು ಯಾವ ಎರಡು ವಾರ ಎಂಬುದನ್ನು ಮುಂದಾಗಿ ಹೇಳುವ ವಿದ್ಯೆ ಯಾರಿಗೂ ಕೈಗೂಡಿಲ್ಲ.

ಇಲ್ಲಿ ಅಭಿಮಾನಿಗಳು ಎರಡು ಪಂಗಡವಾಗುತ್ತಾರೆ. ಒಂದು ಪಂಗಡ ‘ನಿರೀಕ್ಷಿತ ಗೋಲು’ ಎಂಬ ಲೆಕ್ಕವನ್ನು ನಂಬುತ್ತದೆ. ಪ್ರತಿ ಹೊಡೆತವೂ ಎಲ್ಲಿಂದ, ಯಾವ ಕೋನದಿಂದ ಬಂತೆಂಬುದನ್ನು ನೋಡಿ, ಅಂಥ ಹೊಡೆತಗಳು ಹಿಂದೆ ಎಷ್ಟು ಸಲ ಗೋಲಾಗಿವೆ ಎಂಬ ಪ್ರಮಾಣವನ್ನು ಅದಕ್ಕೆ ಕೊಟ್ಟು, ಎಲ್ಲವನ್ನೂ ಕೂಡಿಸುವುದು ಇದರ ಕ್ರಮ. ಗೋಲಿನ ಎದುರಿನ ಹೊಡೆತಕ್ಕೆ ಹೆಚ್ಚು, ಅಂಚಿನ ಹೊಡೆತಕ್ಕೆ ಅತ್ಯಲ್ಪ. ಸೋತ ತಂಡದ ನಿರೀಕ್ಷಿತ ಗೋಲು ಹೆಚ್ಚಿದ್ದರೆ ‘ನಾವೇ ಚೆನ್ನಾಗಿ ಆಡಿದ್ದು, ಪಕ್ ಕೈಕೊಟ್ಟಿತು’ ಎಂದು ಅವರು ವಾದಿಸುತ್ತಾರೆ. ಇನ್ನೊಂದು ಪಂಗಡಕ್ಕೆ ಇದು ಸೋತವರ ಸಮಾಧಾನ. ಪ್ಲೇಆಫ್‌ನಲ್ಲಿ ಡಿಕ್ಕಿಗಳು ಬಿರುಸಾಗುತ್ತವೆ, ಜಾಗ ಕಡಿಮೆಯಾಗುತ್ತದೆ, ಒತ್ತಡದಲ್ಲಿ ಮಿಂಚುವವರು ಮತ್ತು ಮಂಕಾಗುವವರು ಬೇರೆ ಬೇರೆ ಎಂಬುದು ಅವರ ನಿಲುವು.

ಈ ಎರಡನೆಯ ವಾದಕ್ಕೆ ಸದಾ ಕಟಕಟೆಯಲ್ಲಿ ನಿಲ್ಲುವ ತಂಡ ಟೊರೊಂಟೊ ಮೇಪಲ್ ಲೀಫ್ಸ್. ಕೊನೆಯ ಕಪ್ 1967ರದ್ದು. 2013ರಲ್ಲಿ ಬಾಸ್ಟನ್ ಎದುರಿನ ಏಳನೆಯ ಪಂದ್ಯದ ಕೊನೆಯ ಅವಧಿಯಲ್ಲಿ 4–1ರಿಂದ ಮುಂದಿದ್ದೂ 5–4ರಿಂದ ಸೋತರು. ಅದೇ ಬಾಸ್ಟನ್ ಎದುರು ಏಳನೆಯ ಪಂದ್ಯದಲ್ಲಿ ಸೋತದ್ದು 2018, 2019, 2024ರಲ್ಲಿ ಮತ್ತೆ. 2021ರಲ್ಲಿ ಮಾಂಟ್ರಿಯಲ್ ಎದುರು 3–1ರ ಮುನ್ನಡೆ ಕಳೆದುಕೊಂಡರು. 2017ರಿಂದ 2025ರವರೆಗೆ ಗೆದ್ದದ್ದು ಎರಡೇ ಸರಣಿ. ‘ಈ ಸಲ ಕಪ್ ನಮ್ದೇ’ ಎಂದು ಹದಿನೆಂಟು ಋತು ಹೇಳಿಕೊಂಡು 2025ರಲ್ಲಿ ಗೆದ್ದ ಬೆಂಗಳೂರಿನ ಅಭಿಮಾನಿಗೆ ಟೊರೊಂಟೊದ ಮನಸ್ಸು ಬೇಗ ಅರ್ಥವಾದೀತು. ಪ್ರತಿ ಸೋಲೂ ಬಿಡಿಯಾಗಿ ನೋಡಿದರೆ ದುರದೃಷ್ಟವೇ. ಆದರೆ ಅದೇ ದುರದೃಷ್ಟ ಇಷ್ಟು ಸಲ ಮರುಕಳಿಸಿದಾಗ ಅದಕ್ಕೆ ಸ್ವಭಾವ ಎಂಬ ಹೆಸರು ಬರುತ್ತದೆ. ಗಣಿತ ಇಲ್ಲಿ ಹೇಳುವುದು ಕಡಿಮೆ, ಏಕೆಂದರೆ ಏಳನೆಯ ಪಂದ್ಯಗಳ ಸಂಖ್ಯೆ ಯಾವ ತೀರ್ಮಾನಕ್ಕೂ ಸಾಲದಷ್ಟು ಚಿಕ್ಕದು.

ಅದೃಷ್ಟದ ಮಾತಿನಲ್ಲಿ ಹೆಚ್ಚುವರಿ ಅವಧಿಯನ್ನು ಮರೆಯುವಂತಿಲ್ಲ. ಲೀಗ್ ಹಂತದಲ್ಲಿ ಸಮಬಲವಾದರೆ ಮೂವರು ಮೂವರಂತೆ ಐದು ನಿಮಿಷ ಆಡಿ, ಆಗಲೂ ತೀರ್ಮಾನವಾಗದಿದ್ದರೆ ಶೂಟೌಟ್ ನಡೆಸಿ ಮುಗಿಸುತ್ತಾರೆ. ಪ್ಲೇಆಫ್‌ನಲ್ಲಿ ಅದು ಇಲ್ಲ: ಪೂರ್ಣ ತಂಡಗಳೊಂದಿಗೆ ಇಪ್ಪತ್ತು ನಿಮಿಷದ ಅವಧಿಗಳು ಒಂದರ ಮೇಲೊಂದು ನಡೆಯುತ್ತವೆ, ಮೊದಲ ಗೋಲಿಗೆ ಪಂದ್ಯ ಮುಕ್ತಾಯ. 1936ರ ಮಾರ್ಚ್ 24ರಂದು ಆರಂಭವಾದ ಡೆಟ್ರಾಯಿಟ್ ಮತ್ತು ಮಾಂಟ್ರಿಯಲ್ ಮರೂನ್ಸ್ ಪಂದ್ಯ ಆರನೆಯ ಹೆಚ್ಚುವರಿ ಅವಧಿಯಲ್ಲಿ, 116 ನಿಮಿಷ 30 ಸೆಕೆಂಡಿನ ಹೆಚ್ಚುವರಿ ಆಟದ ನಂತರ, ಮಡ್ ಬ್ರುನೆಟೊ ಅವರ ಒಂದೇ ಗೋಲಿನಿಂದ ಮುಗಿಯಿತು. 2020ರಲ್ಲಿ ಟ್ಯಾಂಪಾ ಬೇ ಮತ್ತು ಕೊಲಂಬಸ್ ಐದು ಹೆಚ್ಚುವರಿ ಅವಧಿ ಆಡಿದಾಗ ಕೊಲಂಬಸ್ ಗೋಲ್‌ಕೀಪರ್ ಯೋನಾಸ್ ಕೊರ್ಪಿಸಾಲೊ 85 ಹೊಡೆತಗಳನ್ನು ತಡೆದು ದಾಖಲೆ ಬರೆದರು, ಸೋತರು. ಅಮೆರಿಕದ ಪೂರ್ವ ತೀರದಲ್ಲಿ ಸಂಜೆ ಏಳಕ್ಕೆ ಶುರುವಾಗುವ ಪಂದ್ಯ ನಮ್ಮಲ್ಲಿ ನಸುಕಿನ ನಾಲ್ಕೂವರೆಗೆ ಬರುತ್ತದೆ. ಮೂರು ಹೆಚ್ಚುವರಿ ಅವಧಿ ನಡೆದರೆ ಕಾಫಿ, ತಿಂಡಿ, ಆಫೀಸಿಗೆ ಹೊರಡುವ ಹೊತ್ತು ಎಲ್ಲವೂ ಪಂದ್ಯದೊಳಗೇ ಕಳೆದುಹೋಗುತ್ತವೆ. ಈ ಪದ್ಧತಿಯನ್ನು ಬದಲಿಸಿ ಎಂದು ಕೇಳುವ ಅಭಿಮಾನಿ ಸಿಗುವುದು ಅಪರೂಪ. ಎಲ್ಲರೂ ಒಪ್ಪುವ ನಿಯಮವೊಂದಿದ್ದರೆ ಇದೇ.

ಯಾರೂ ಒಪ್ಪದ ವಿಷಯ ರೆಫ್ರಿಗಳದ್ದು. ಪ್ಲೇಆಫ್ ಬಂತೆಂದರೆ ಸೀಟಿಯನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ, ಮಾರ್ಚ್‌ನಲ್ಲಿ ತಪ್ಪಾಗಿದ್ದದ್ದು ಮೇ ತಿಂಗಳಲ್ಲಿ ತಪ್ಪಲ್ಲ ಎಂಬ ದೂರು ಎಲ್ಲ ತಂಡಗಳ ಅಭಿಮಾನಿಗಳದ್ದೂ ಹೌದು. ಒಂದು ತೀರ್ಪು ಎಷ್ಟು ದೂರ ಹೋಗಬಹುದೆಂಬುದನ್ನು 2019ರ ಏಪ್ರಿಲ್ 23ರ ರಾತ್ರಿಯಷ್ಟು ಸ್ಪಷ್ಟವಾಗಿ ಬೇರಾವ ಪಂದ್ಯವೂ ತೋರಿಸಿಲ್ಲ. ಸ್ಥಳ ಸಾನ್ ಹೋಸೆ. ಕನ್ನಡಿಗರು ಅನೇಕರಿರುವ, ಕ್ಯಾಲಿಫೋರ್ನಿಯಾದ ಬೇ ಏರಿಯಾದ ದಕ್ಷಿಣ ಭಾಗದ ಊರು. ಸಾನ್ ಹೋಸೆ ಶಾರ್ಕ್ಸ್ ಮತ್ತು ವೇಗಸ್ ಗೋಲ್ಡನ್ ನೈಟ್ಸ್ ನಡುವಿನ ಏಳನೆಯ ಪಂದ್ಯದ ಕೊನೆಯ ಅವಧಿಯಲ್ಲಿ ಹನ್ನೊಂದು ನಿಮಿಷ ಕೂಡ ಉಳಿದಿರಲಿಲ್ಲ, ವೇಗಸ್ 3–0 ಮುಂದಿತ್ತು.

ಹಾಕಿಯಲ್ಲಿ ಆಟ ಮರುಆರಂಭವಾಗುವುದು ಇಬ್ಬರು ಎದುರುಬದುರು ಬಾಗಿ ನಿಂತು, ನಡುವೆ ಬೀಳುವ ಪಕ್‌ಗಾಗಿ ಸೆಣಸುವುದರಿಂದ. ಹಾಗೆ ಸೆಣಸಿದ ಕೂಡಲೇ ವೇಗಸ್‌ನ ಕೋಡಿ ಈಕಿನ್ ತನ್ನ ಕೋಲನ್ನು ಅಡ್ಡ ಹಿಡಿದು ಸಾನ್ ಹೋಸೆ ನಾಯಕ ಜೋ ಪವೆಲ್‌ಸ್ಕಿಯ ಎದೆಗೆ ತಳ್ಳಿದರು. ಇಂಥ ತಳ್ಳಾಟ ಪಂದ್ಯಕ್ಕೆ ಹತ್ತಾರು ನಡೆಯುತ್ತದೆ. ಆದರೆ ಸಮತೋಲ ತಪ್ಪಿದ ಪವೆಲ್‌ಸ್ಕಿಗೆ ಇನ್ನೊಬ್ಬ ಆಟಗಾರ ತಾಗಿ, ಅವರು ಬಿದ್ದು ತಲೆ ಮಂಜಿಗೆ ಬಡಿಯಿತು, ರಕ್ತ ಹರಿಯಿತು. ಘಟನೆಯ ಕ್ಷಣದಲ್ಲಿ ರೆಫ್ರಿಗಳ ಕೈ ಮೇಲೇಳಲಿಲ್ಲ. ಗಾಯವನ್ನು ಕಂಡು, ತಮ್ಮೊಳಗೆ ಮಾತಾಡಿಕೊಂಡ ಮೇಲೆ, ಈಕಿನ್‌ಗೆ ಐದು ನಿಮಿಷದ ದೊಡ್ಡ ಪೆನಾಲ್ಟಿ ಕೊಟ್ಟು ಪಂದ್ಯದಿಂದಲೇ ಹೊರಗೆ ಕಳಿಸಿದರು.

ಇಲ್ಲಿ ನಿಯಮವೊಂದನ್ನು ಗಮನಿಸಬೇಕು. ಎರಡು ನಿಮಿಷದ ಸಾಮಾನ್ಯ ಪೆನಾಲ್ಟಿಯಲ್ಲಿ ಎದುರಾಳಿ ಒಂದು ಗೋಲು ಹೊಡೆದರೆ ಶಿಕ್ಷೆ ಅಲ್ಲಿಗೆ ಮುಗಿಯುತ್ತದೆ, ತಂಡಕ್ಕೆ ಐದನೆಯ ಆಟಗಾರ ಮರಳುತ್ತಾನೆ. ಐದು ನಿಮಿಷದ ಪೆನಾಲ್ಟಿಯಲ್ಲಿ ಎಷ್ಟು ಗೋಲು ಬಿದ್ದರೂ ಐದು ನಿಮಿಷ ಪೂರ್ತಿ ನಾಲ್ವರೇ ಆಡಬೇಕು. ಸಾನ್ ಹೋಸೆ ಹೊಡೆದದ್ದು ನಾಲ್ಕು ಗೋಲು. ಲೋಗನ್ ಕೂಚೂರ್, ತೋಮಾಶ್ ಹರ್ಟ್ಲ್, ಮತ್ತೆ ಕೂಚೂರ್, ಕೊನೆಗೆ ಕೆವಿನ್ ಲಬಾಂಕ್. ಮೊದಲನೆಯದಕ್ಕೂ ನಾಲ್ಕನೆಯದಕ್ಕೂ ನಡುವಿನ ಅಂತರ ನಾಲ್ಕು ನಿಮಿಷ ಒಂದು ಸೆಕೆಂಡು. 0–3 ಇದ್ದದ್ದು 4–3 ಆಯಿತು. ಸಮಯ ಮುಗಿಯಲು 47 ಸೆಕೆಂಡು ಇರುವಾಗ ವೇಗಸ್‌ನ ಜೊನಾಥನ್ ಮಾರ್ಶಸೋ ಸಮ ಮಾಡಿದರೂ, ಹೆಚ್ಚುವರಿ ಅವಧಿಯಲ್ಲಿ ಬಾರ್ಕ್ಲೇ ಗುಡ್‌ರೋ ಹೊಡೆದ ಗೋಲು ಸಾನ್ ಹೋಸೆಯನ್ನು ಗೆಲ್ಲಿಸಿತು. ಲೀಗ್ ತಮಗೆ ಕ್ಷಮೆ ಕೇಳಿತೆಂದು ವೇಗಸ್ ತಂಡದ ಆಡಳಿತ ನಂತರ ತಿಳಿಸಿತು.

ಈ ಪಂದ್ಯದ ಚರ್ಚೆ ಇಂದಿಗೂ ಎರಡು ಎಳೆಯಲ್ಲಿ ನಡೆಯುತ್ತದೆ. ತಪ್ಪಿನ ತೂಕವನ್ನು ಕೃತ್ಯದಿಂದ ಅಳೆಯಬೇಕೋ, ಪರಿಣಾಮದಿಂದ ಅಳೆಯಬೇಕೋ ಎಂಬುದು ಒಂದು. ತೀರ್ಪು ತಪ್ಪೇ ಆಗಿದ್ದರೂ ಐದು ನಿಮಿಷದಲ್ಲಿ ನಾಲ್ಕು ಗೋಲು ಬಿಟ್ಟುಕೊಟ್ಟದ್ದು ರೆಫ್ರಿಯೇ, ತಂಡವೇ ಎಂಬುದು ಇನ್ನೊಂದು. ನನಗೆ ಎರಡನೆಯ ಪ್ರಶ್ನೆ ಕಠೋರವಾಗಿ ಕಂಡರೂ ಅದರಲ್ಲಿ ಹುರುಳಿದೆ. ಮುಂದೆ ನಡೆದದ್ದು ಇನ್ನೂ ವಿಚಿತ್ರ: ಅದೇ ಸಾನ್ ಹೋಸೆ, ಕಾನ್ಫರೆನ್ಸ್ ಫೈನಲ್‌ನ ಮೂರನೆಯ ಪಂದ್ಯದಲ್ಲಿ, ತನ್ನ ಆಟಗಾರ ಪಕ್ಕನ್ನು ಕೈಯಿಂದ ತಳ್ಳಿದ್ದನ್ನು ರೆಫ್ರಿಗಳು ನೋಡದೆ ಹೋದ ಕಾರಣ ಹೆಚ್ಚುವರಿ ಅವಧಿಯಲ್ಲಿ ಸೇಂಟ್ ಲೂಯಿಸ್ ಎದುರು ಗೆದ್ದಿತು. ಆ ಸರಣಿಯನ್ನು ಮಾತ್ರ ಸೇಂಟ್ ಲೂಯಿಸ್ ಗೆದ್ದು, ಜನವರಿಯ ಆರಂಭದಲ್ಲಿ ಇಡೀ ಲೀಗ್‌ನ ತಳದಲ್ಲಿದ್ದ ತಂಡ ಜೂನ್‌ನಲ್ಲಿ ಕಪ್ ಎತ್ತಿತು. ಆ ಬೇಸಿಗೆಯಲ್ಲೇ ನಿಯಮಗಳು ಬದಲಾದವು: ಐದು ನಿಮಿಷದ ಪೆನಾಲ್ಟಿಗಳನ್ನು ರೆಫ್ರಿಗಳು ವಿಡಿಯೊ ನೋಡಿ ಮರುಪರಿಶೀಲಿಸುವ, ಕೈಯಿಂದ ತಳ್ಳಿದಂಥ ತಪ್ಪುಗಳ ನಂತರ ಬಂದ ಗೋಲನ್ನು ಕೋಚ್ ಪ್ರಶ್ನಿಸುವ ಅವಕಾಶ ಬಂತು. ಅಭಿಮಾನಿಗಳ ಗದ್ದಲ ವ್ಯರ್ಥವಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು; ಮರುಪರಿಶೀಲನೆ ಬಂದ ಮೇಲೆ ಗದ್ದಲ ಕಡಿಮೆಯಾಯಿತೇ ಎಂದರೆ, ಇಲ್ಲ, ಈಗ ಅದು ವಿಡಿಯೊ ಓದುವ ರೀತಿಯ ಬಗ್ಗೆ ನಡೆಯುತ್ತದೆ.

ಹಣದ ಜಗಳ ಚಿಕ್ಕದು, ಆದರೆ ಚೂಪಾದದ್ದು. 2005ರಿಂದ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಇದೆ. ಆಟಗಾರ ದೀರ್ಘಕಾಲ ಗಾಯಗೊಂಡರೆ ಅವನ ಜಾಗಕ್ಕೆ ಬೇರೊಬ್ಬನನ್ನು ತರಲು ಆ ಮಿತಿಯನ್ನು ಅಷ್ಟರ ಮಟ್ಟಿಗೆ ಮೀರಬಹುದು. ಆದರೆ ಈ ಮಿತಿ ಲೀಗ್ ಹಂತಕ್ಕೆ ಮಾತ್ರ ಅನ್ವಯಿಸುತ್ತಿತ್ತು, ಪ್ಲೇಆಫ್‌ಗೆ ಇರಲಿಲ್ಲ. 2021ರಲ್ಲಿ ಟ್ಯಾಂಪಾ ಬೇಯ ನಿಕಿತಾ ಕುಚೆರೊವ್ ಸೊಂಟದ ಶಸ್ತ್ರಚಿಕಿತ್ಸೆಯಿಂದಾಗಿ ಇಡೀ ಲೀಗ್ ಹಂತ ಆಡಲಿಲ್ಲ. ಪ್ಲೇಆಫ್‌ನ ಮೊದಲ ಪಂದ್ಯಕ್ಕೆ ಸರಿಯಾಗಿ ಮರಳಿ, ಎಲ್ಲರಿಗಿಂತ ಹೆಚ್ಚು, 32 ಅಂಕ (ಹೊಡೆದ ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ) ಗಳಿಸಿದರು, ತಂಡ ಕಪ್ ಗೆದ್ದಿತು. ನಿಯಮ ಮುರಿದಿರಲಿಲ್ಲ. ಸಂಭ್ರಮದ ದಿನ ಕುಚೆರೊವ್ ‘ಮಿತಿಗಿಂತ 18 ಮಿಲಿಯನ್ ಡಾಲರ್ ಹೆಚ್ಚು’ ಎಂಬರ್ಥದ ಬರಹವಿದ್ದ ಟಿ-ಶರ್ಟ್ ತೊಟ್ಟು ಉಳಿದ ತಂಡಗಳ ಅಭಿಮಾನಿಗಳ ಹೊಟ್ಟೆಗೆ ಬೆಂಕಿ ಹಾಕಿದರು. 2025–26ರ ಋತುವಿನಿಂದ ಪ್ಲೇಆಫ್ ಪಂದ್ಯಕ್ಕೆ ಇಳಿಯುವ ತಂಡಕ್ಕೂ ಸಂಬಳದ ಮಿತಿ ಅನ್ವಯಿಸುವಂತೆ ಲೀಗ್ ಮತ್ತು ಆಟಗಾರರ ಸಂಘ ಒಪ್ಪಿಕೊಂಡವು.

ಕೆನಡಾದ ಅಭಿಮಾನಿಗಳಿಗೆ ಇವೆಲ್ಲದರ ಮೇಲೊಂದು ಖಾಸಗಿ ನೋವಿದೆ. 1892ರಲ್ಲಿ ಕೆನಡಾದ ಗವರ್ನರ್ ಜನರಲ್ ಲಾರ್ಡ್ ಸ್ಟ್ಯಾನ್ಲಿ ಕೊಟ್ಟ ಕಪ್ ಅದು. ಆದರೆ 1993ರಲ್ಲಿ ಮಾಂಟ್ರಿಯಲ್ ಗೆದ್ದ ಮೇಲೆ 2025ರವರೆಗೆ ಯಾವ ಕೆನಡಾ ತಂಡಕ್ಕೂ ಒಲಿದಿಲ್ಲ. 2024ರಲ್ಲಿ ಎಡ್ಮಂಟನ್ ಫೈನಲ್‌ನಲ್ಲಿ 0–3 ಹಿಂದಿದ್ದು ಮೂರು ಪಂದ್ಯ ಸಾಲಾಗಿ ಗೆದ್ದು, ಏಳನೆಯದನ್ನು 2–1ರಿಂದ ಸೋತಿತು. ಸೋತ ತಂಡದ ಕಾನರ್ ಮೆಕ್‌ಡೇವಿಡ್‌ಗೆ ಪ್ಲೇಆಫ್‌ನ ಅತ್ಯುತ್ತಮ ಆಟಗಾರನ ಪ್ರಶಸ್ತಿ ಬಂತು. ಅದನ್ನು ಪಡೆಯಲು ಅವರು ಮಂಜಿನ ಮೇಲೆ ಮರಳಿ ಬರಲಿಲ್ಲ. ತಮ್ಮ ತಂಡ ಹೊರಬಿದ್ದ ಮೇಲೆ ಉಳಿದ ಕೆನಡಾ ತಂಡವನ್ನು ಬೆಂಬಲಿಸಬೇಕೇ ಎಂಬುದು ಅಲ್ಲಿ ಪ್ರತಿ ಮೇ ತಿಂಗಳ ಚರ್ಚೆ. ಕ್ಯಾಲ್ಗರಿಯವನನ್ನು ನೆರೆಯ ಬದ್ಧವೈರಿ ಎಡ್ಮಂಟನ್ ಬಗ್ಗೆ ಹೀಗೆ ಕೇಳಿ ನೋಡಿದರೆ ದೇಶಭಕ್ತಿಯ ಮಿತಿ ತಿಳಿಯುತ್ತದೆ. ಭಾರತೀಯ ಮೂಲದವರೂ ಈ ಹುಚ್ಚಿನೊಳಗೆ ಬಂದಿದ್ದಾರೆ: ಕೆನಡಾದಲ್ಲಿ 2008ರಿಂದ ಪಂಜಾಬಿಯಲ್ಲಿ ಹಾಕಿ ವೀಕ್ಷಕ ವಿವರಣೆ ಇದ್ದು, 2016ರ ಫೈನಲ್‌ನಲ್ಲಿ ಪಿಟ್ಸ್‌ಬರ್ಗ್‌ನ ನಿಕ್ ಬೊನಿನೊ ಗೋಲು ಹೊಡೆದಾಗ ವಿವರಣೆಕಾರ ಹರ್ನಾರಾಯಣ್ ಸಿಂಗ್ ಬೊನಿನೊ ಹೆಸರನ್ನೇ ಮಂತ್ರದಂತೆ ಕೂಗಿದ ಧ್ವನಿ ಎಷ್ಟು ಹರಡಿತೆಂದರೆ, ಪಿಟ್ಸ್‌ಬರ್ಗ್ ತನ್ನ ವಿಜಯೋತ್ಸವಕ್ಕೆ ಆ ವಿವರಣೆಕಾರರನ್ನು ಕರೆಸಿಕೊಂಡಿತು.

ಅದೃಷ್ಟ ಇಷ್ಟು ದೊಡ್ಡ ಪಾಲು ಪಡೆಯುವ ಸ್ಪರ್ಧೆಯಲ್ಲಿ ಹರಕೆ, ನಂಬಿಕೆಗಳು ಹುಟ್ಟದಿದ್ದರೆ ಆಶ್ಚರ್ಯ. ತಂಡ ಹೊರಬೀಳುವವರೆಗೆ ಆಟಗಾರರು ಗಡ್ಡ ತೆಗೆಯುವುದಿಲ್ಲ, ಅಭಿಮಾನಿಗಳೂ ಅಷ್ಟೇ. ಕಾನ್ಫರೆನ್ಸ್ ಗೆದ್ದಾಗ ಸಿಗುವ ಟ್ರೋಫಿಯನ್ನು ಮುಟ್ಟಿದರೆ ದೊಡ್ಡ ಕಪ್ ಸಿಗದೆಂದು ಎಷ್ಟೋ ನಾಯಕರು ಅದರ ಪಕ್ಕದಲ್ಲಿ ಕೈಕಟ್ಟಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಎಲ್ಲಕ್ಕಿಂತ ಹಳೆಯ ಹರಕೆಗಳಲ್ಲೊಂದು ಡೆಟ್ರಾಯಿಟ್‌ನದು. 1952ರ ಏಪ್ರಿಲ್‌ನಲ್ಲಿ ಇಬ್ಬರು ಸಹೋದರರು ಪ್ರೇಕ್ಷಕರ ನಡುವಿನಿಂದ ಒಂದು ಆಕ್ಟೋಪಸನ್ನು ಮಂಜಿನ ಮೇಲೆ ಎಸೆದರು. ಆಗ ಪ್ಲೇಆಫ್ ಎರಡೇ ಸುತ್ತಿನದು, ಕಪ್‌ಗೆ ಎಂಟು ಗೆಲುವು ಸಾಕು. ಎಂಟು ತೋಳಿಗೆ ಎಂಟು ಗೆಲುವು. ಡೆಟ್ರಾಯಿಟ್ ಆ ವರ್ಷ ಎಂಟಕ್ಕೆ ಎಂಟೂ ಗೆದ್ದು ಕಪ್ ಪಡೆಯಿತು. ಗೆಲುವಿನ ಸಂಖ್ಯೆ ಈಗ ಹದಿನಾರಾಗಿದೆ. ಆಕ್ಟೋಪಸ್‌ಗೆ ಇಂದಿಗೂ ಎಂಟೇ ತೋಳು, ಮತ್ತು 2016ರ ನಂತರ 2025ರವರೆಗೆ ಡೆಟ್ರಾಯಿಟ್‌ನ ಪ್ರೇಕ್ಷಕರಿಗೆ ಪ್ಲೇಆಫ್ ಪಂದ್ಯದಲ್ಲಿ ಅದನ್ನು ಎಸೆಯುವ ಪ್ರಸಂಗವೇ ಬಂದಿಲ್ಲ.